ಎಂಟನೇ ಮನೆಯ ಉಪ್ಪು

ನಮ್ಮ ಕ್ಯಾಂಪಿನ ಬಾವಿ ಎಷ್ಟು ಆಳವೆಂದರೆ, ನನ್ನ ಮದುವೆಯ ದಿನ ಅದರೊಳಗೆ ಬಿದ್ದ ಕೊಡ ನೀರು ಮುಟ್ಟಿದ ಸಪ್ಪಳ ಕೇಳಿಸಿದ್ದು ನನ್ನ ಮಗಳನ್ನು ಕೊಟ್ಟೂರಿಗೆ ಕೊಟ್ಟು ಕಳಿಸಿದ ದಿನ. ಆ ಬಾವಿ ತೋಡಿದವರು ಇಪ್ಪತ್ತೆರಡು ಮಂದಿ ಸಿಪಾಯಿಗಳು. ಮುಕ್ಕಾಲು ಪಾಲು ತೋಡಿದವನು ನಮ್ಮಪ್ಪ ಒಬ್ಬನೇ. ನಂಬದವರು ಹಗರಿಬೊಮ್ಮನಹಳ್ಳಿಯಲ್ಲಿ ಹಿರೇಹಡಗಲಿಯ ಬಸ್ಸು ಹತ್ತಿ, 'ಹೇಸರಗತ್ತಿ ಕ್ಯಾಂಪ್' ಎಂದು ಟಿಕೆಟ್ ಕೇಳಿ ಬಂದು ನೋಡಬಹುದು. ಕಂಡಕ್ಟರ್ ನಗುತ್ತಾನೆ. ನಗಲಿ.

ದೊಡ್ಡ ಯುದ್ಧ ಮುಗಿಸಿ ಬರ್ಮಾದಿಂದ ಹಿಂದಿರುಗಿದವರಿಗೆ ಆಗಿನ ಮದ್ರಾಸ್ ಸರಕಾರ ಇಲ್ಲಿ ಹೊಲ ಕೊಟ್ಟಿತು. ಹೊಲವೆಂದರೆ ಬರೀ ಕಲ್ಲು. ಹಾವು ಕೂಡ ಇಲ್ಲಿ ಒಂದು ರಾತ್ರಿ ಮಲಗಿ, ಬೆನ್ನು ನೋವೆಂದು ಬೆಳಿಗ್ಗೆ ಎದ್ದು ಹೋಗುತ್ತಿತ್ತು. ಇಪ್ಪತ್ತೆರಡು ಮನೆಗೆ ಇಪ್ಪತ್ತೆರಡು ನಂಬರು. ಯಾರೂ ಜಾತಿ ಕೇಳುವಂತಿಲ್ಲ, ನಂಬರು ಕೇಳಬೇಕು. ನಮ್ಮದು ಏಳು. ನಮ್ಮಪ್ಪ ದುರುಗಪ್ಪ ಬರ್ಮಾದಲ್ಲಿ ಹೇಸರಗತ್ತೆ ಕಾಯುತ್ತಿದ್ದ. ಕತ್ತೆಗೂ ಕುದುರೆಗೂ ಹುಟ್ಟಿದ ಆ ಪ್ರಾಣಿಯ ಬೆನ್ನಿಗೆ ಮದ್ದುಗುಂಡು ಹೊರಿಸಿ ಗುಡ್ಡ ಹತ್ತಿಸುವುದು ಅವನ ಕೆಲಸ. ಬಂದೂಕು ಹಾರಿಸಿದವನಲ್ಲ. ಸೇನೆ ಹರಾಜು ಹಾಕಿದ ಎರಡು ಹೇಸರಗತ್ತೆಗಳನ್ನು ಹಿಡಿದು ತಂದ. ಕ್ಯಾಂಪಿನ ಅಷ್ಟೂ ಮನೆಯ ಕಲ್ಲು ಹೊತ್ತದ್ದು ಅವು. ಊರಿಗೆ ಹೆಸರು ಬಂದದ್ದೂ ಅವುಗಳಿಂದಲೇ. ಅಪ್ಪ ದಿನಾ ಸಂಜೆ ಅಂಗೈಯಲ್ಲಿ ಉಪ್ಪಿಟ್ಟುಕೊಂಡು ಅವಕ್ಕೆ ನೆಕ್ಕಿಸುತ್ತಿದ್ದ. "ಹೇಸರಗತ್ತಿ ಹೊಡೆತ ಮರೀತೈತಿ, ಉಪ್ಪು ಕೊಟ್ಟ ಕೈ ಮರಿಯಂಗಿಲ್ಲ" ಎನ್ನುತ್ತಿದ್ದ.

ಎಂಟನೇ ಮನೆ ಜಮಾಲುದ್ದೀನ ಸಾಹೇಬರದು. ಪಲ್ಟನ್ನಿನ ಅಡುಗೆಯವರು. ಉಳಿದವರು ಯುದ್ಧದಿಂದ ಗಡಿಯಾರ, ಕಂಬಳಿ ತಂದರೆ ಅವರು ಹೊತ್ತು ತಂದದ್ದು ಒಂದು ಚೀಲ ಉಪ್ಪು. ಬರ್ಮಾದ ಕಾಡಿನಲ್ಲಿ ಬೆವತು ಬೆವತು, ಉಪ್ಪು ಸಿಗದೆ ಕೈಕಾಲು ಸೆಟೆದು ಬಿದ್ದವರನ್ನು ಅವರು ಕಂಡಿದ್ದರು. ಕ್ಯಾಂಪಿನ ಮೊದಲ ಬೇಸಿಗೆಯಲ್ಲಿ ಸರಕಾರದ ಲಾರಿಯಲ್ಲಿ ಜೋಳ ಬಂತು, ಉಪ್ಪು ಬರಲಿಲ್ಲ. ಬಿಸಿಲಲ್ಲಿ ಕಲ್ಲು ಒಡೆದವರು ಒಬ್ಬೊಬ್ಬರಾಗಿ ಕುಸಿದು ಕೂರತೊಡಗಿದಾಗ ಜಮಾಲುದ್ದೀನರು ಊರ ಬಾಯಲ್ಲಿ ಮೂರು ಕಲ್ಲು ಹೂಡಿ, ಮಿಲ್ಟ್ರಿ ಹಂಡೆ ಏರಿಸಿ, ಎಲ್ಲ ಮನೆಯ ಕಾಳನ್ನೂ ಒಟ್ಟಿಗೆ ಬೇಯಿಸಿ, ತಮ್ಮ ಚೀಲ ಬಿಚ್ಚಿದರು. ಆ ಚೀಲ ಸಮುದ್ರದಷ್ಟಿತ್ತು ಎಂದು ನಾನು ಹೇಳುತ್ತೇನೆ. ನೀವು ನಿಮಗೆ ಬೇಕಾದಷ್ಟು ಕಡಿಮೆ ಮಾಡಿಕೊಳ್ಳಿ. ಅಂದಿನಿಂದ ಪ್ರತಿ ಮಾರ್ಚ್ ಒಂದಕ್ಕೆ, ಊರು ನಿಂತ ದಿನ, 'ಬರ್ಮಾ ಹುಗ್ಗಿ'. ಮನೆಗೊಂದು ಹಿಡಿ ಕಾಳು, ಬಾವಿಯಿಂದ ಏಳನೇ ಮನೆಯವರು ಸೇದಿದ ನೀರು, ಎಂಟನೇ ಮನೆಯ ಉಪ್ಪು. ಹೊಸ ಸೊಸೆ ಬಂದರೆ ಅವಳ ಗಡಿಗೆಗೆ ಮೊದಲ ಹಿಡಿ ಉಪ್ಪು ಎಂಟನೇ ಮನೆಯದು. ಕೂಸಿನ ನಾಲಗೆಗೆ ಮೊದಲ ಹರಳು ಮುಟ್ಟಿಸುವವರೂ ಆ ಮನೆಯವರೇ.

ನಾನು ಕುರಿಯನ್ನು ಆನೆ ಮಾಡಿ ಹೇಳುವವನು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಐದು ತಾಲೂಕಿನಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಬೇಕು. ಆದರೆ ಆನೆ ಮಾಡಲಿಕ್ಕೆ ಮೊದಲು ಕುರಿಯಾದರೂ ಇರಬೇಕಲ್ಲ? ನಮ್ಮಣ್ಣನ ಮಗ ಬೀರಲಿಂಗೇಶನಿಗೆ ಕುರಿಯೂ ಬೇಕಾಗಿರಲಿಲ್ಲ.

ಮನೆಯಲ್ಲಿ ನಾವು ಐದು ಜನ. ಅಣ್ಣ ಜಂಬಯ್ಯ, ಅತ್ತಿಗೆ ಪಕ್ಕೀರಮ್ಮ, ಅವರ ಮಗ ಬೀರಲಿಂಗೇಶ, ಸೊಸೆ ರೋಜಾ, ಮತ್ತು ಹೆಂಡತಿ ತೀರಿದ ಮೇಲೆ ಅಣ್ಣನ ಪಂಕ್ತಿಯಲ್ಲೇ ಉಣ್ಣುವ ನಾನು, ಗಂಗಾಧರ. ಸಂಕ್ರಾಂತಿ ಕಳೆದ ಒಂದು ಸಂಜೆ ಬೀರಲಿಂಗೇಶ ರೊಟ್ಟಿ ಮುರಿಯುತ್ತ ಬಾಯಿಬಿಟ್ಟ.

"ಅಪ್ಪಾ, ಈ ಸಲ ಮಾರ್ಚ್ ಒಂದಕ್ಕ ಕ್ಯಾಂಪಿನ ಹೆಸರು ಬದಲಾಗತೈತಿ. ವೀರಯೋಧನಗರ. ಕಮಾನು ಹಾಕಸ್ತೀನಿ. ಅದರ ಮುಂದ ತಾತನ ಮೂರ್ತಿ. ಕೈಯಾಗ ಬಂದೂಕು."

"ಲೇ, ನಮ್ಮಪ್ಪ ಹಿಡಿದಿದ್ದು ಹೇಸರಗತ್ತಿ ಹಗ್ಗ," ಅಂದೆ.

"ಹಗ್ಗ ಹಿಡಕೊಂಡು ನಿಂತ ಮೂರ್ತಿ ಎಲ್ಲೆರ ನೋಡೀಯೇನು ಕಾಕಾ? ಎಮ್ಮಿ ಮಾರಾಕ ಬಂದಾನ ಅಂತಾರ ಮಂದಿ."

ಅಣ್ಣ ನಕ್ಕ. ಅವನು ಮಗನ ಯಾವ ಮಾತಿಗೂ ನಗುವವನು. "ಎಷ್ಟೆತ್ತರ ಮಾಡಸ್ತಿ?"

"ಒಂಬತ್ತಡಿ."

"ಹಂಗಾರ ಚಲೋನ ಐತಿ ಬಿಡು."

ಅತ್ತಿಗೆ ಒಲೆಯ ಮುಂದಿನಿಂದಲೇ ಕೇಳಿದಳು. "ಎಲ್ಲಿ ನಿಂದರಸ್ತಿ ಅದನ್ನ?"

"ಊರ ಬಾಯಾಗ. ಒಲಿ ಕಲ್ಲು ಅದಾವಲ್ಲ, ಅಲ್ಲಿ."

"ಮತ್ತ ಒಲಿ?"

"ಒಲಿ ಯಾಕ ಬೇಕಬೇ? ಹರಪನಹಳ್ಳಿಯಿಂದ ಅಡಗಿಯವರು ಬರ್ತಾರ. ಗೋಧಿ ಹುಗ್ಗಿ, ಪಲಾವು, ಐಸ್‌ಕ್ರೀಮು."

"ಉಪ್ಪು?"

"ಅದನ್ನೂ ಅವರ ತರ್ತಾರ. ಪಾಕೀಟಿನಾಗ ಬರತೈತಿ."

"ನಾ ಕೇಳಿದ್ದು ಎಂಟನೇ ಮನಿ ಉಪ್ಪು."

ಬೀರಲಿಂಗೇಶ ತಾಟಿನ ಅಂಚಿಗೆ ಬೆರಳು ಒರೆಸಿದ. "ಬರೋರು ದೊಡ್ಡ ಮಂದಿ ಅವ್ವಾ. ತಾಲೂಕ ಪಂಚಾಯ್ತಿ ಟಿಕೀಟು ಅವರ ಕೈಯಾಗ ಐತಿ. ಆ ಮನಿ ಉಪ್ಪು ಬಿದ್ದೈತಿ ಅಂದ್ರ ಅವರು ಉಣ್ಣಾಕ ಕುಂದ್ರಂಗಿಲ್ಲ. ನನಗೇನಿಲ್ಲ. ಬಂದೋರಿಗೆ."

'ನನಗೇನಿಲ್ಲ, ಬಂದೋರಿಗೆ.' ತುತ್ತಿನಲ್ಲಿ ಕೂದಲು ಸಿಕ್ಕಂತಾಯಿತು ನನಗೆ. ತೆಗೆಯಲು ಹೋದರೆ ಬೆರಳಿಗೆ ಸಿಗದು, ನುಂಗಲು ಹೋದರೆ ಇಳಿಯದು. ಬಯ್ಗುಳವಾದರೂ ಬಯ್ದಿದ್ದರೆ ಎದುರು ಬಯ್ಯಬಹುದಿತ್ತು.

"ಆ ಮನಿ ಅಜೀಜಬಿನ ನಿನ್ನ ನಾಲಿಗಿಗೆ ಮೊದಲ ಉಪ್ಪು ಮುಟ್ಟಿಸ್ಯಾಳ," ಅಂದಳು ಅತ್ತಿಗೆ.

"ಅದಕ್ಕ? ಜೀವನಾ ಪೂರ್ತಿ ಆಕೀ ಮನಿ ಮುಂದ ಕೈ ಕಟಗೊಂಡು ನಿಂದರಬೇಕೇನು?"

ಅತ್ತಿಗೆ ಒಲೆಯ ಕಡೆ ತಿರುಗಿ ಕೊಳ್ಳಿ ಹಿಂದಕ್ಕೆಳೆದಳು. ಅವಳು ಮಾತಾಡಿದರೆ ಪರವಾಗಿಲ್ಲ. ಸುಮ್ಮನಾದರೆ ನಮ್ಮ ಮನೆಯ ಬೆಕ್ಕು ಕೂಡ ಹೊರಗೆ ಮಲಗುತ್ತದೆ.

ವಾರದೊಳಗೆ ಜೆಸಿಬಿ ಬಂತು. ಹೊಗೆ ಹಿಡಿದು ಕಬ್ಬಿಣದಂತಾಗಿದ್ದ ಮೂರು ಕಲ್ಲುಗಳನ್ನು ಅದು ಹುಣಸೆ ಬೀಜ ಉಗುಳಿದ ಹಾಗೆ ಎತ್ತಿ ಚರಂಡಿಗೆ ಒಗೆಯಿತು. ಕ್ಯಾಂಪಿನವರು ಕಟ್ಟೆಯ ಮೇಲೆ ಕೂತು ನೋಡಿದರು. ಕೆಲವರು ಮೊಬೈಲಿನಲ್ಲಿ ಹಿಡಿದರು. ಆ ಹಂಡೆಯಿಂದ ಉಂಡವರ ಮಕ್ಕಳು, ಮೊಮ್ಮಕ್ಕಳು. ಒಬ್ಬನ ಗಂಟಲಿನಿಂದಲೂ ಕೆಮ್ಮು ಸಹ ಹೊರಡಲಿಲ್ಲ. ಥೂ.

ಅತ್ತಿಗೆ ಒಳಗೆ ಹೋದಳು. ಉಪ್ಪಿನ ಗಡಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಬಂದು, ಓಣಿ ದಾಟಿ ಎಂಟನೇ ಮನೆಯ ಹೊಸ್ತಿಲಲ್ಲಿ ನಿಂತಳು. ನಾನು ಹಿಂದೆಯೇ ಹೋದೆ. ಇಂಥದ್ದನ್ನು ತಪ್ಪಿಸಿಕೊಂಡರೆ ನಾನು ನಾನಲ್ಲ.

ಅಜೀಜಬಿ ಜಮಾಲುದ್ದೀನರ ಸೊಸೆ. ವಯಸ್ಸು ಎಂಬತ್ತರ ಹತ್ತಿರ. ನನ್ನ ಲೆಕ್ಕದಲ್ಲಿ ಇನ್ನೂರು. ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು.

"ಇದು ನಿಮ್ಮ ಮನಿದು. ನಾನು ಮದುವ್ಯಾಗಿ ಬಂದಾಗ ನಿಮ್ಮತ್ತಿ ತುಂಬಿಸಿದ್ದು. ಇಟಗೋ," ಎಂದು ಅತ್ತಿಗೆ ಗಡಿಗೆ ಇಳಿಸಿದಳು. "ನಮ್ಮನಿಯಾಗ ಇನ್ನ ಉಪ್ಪಿಲ್ಲ. ಬೇಕಾದವರು ತಾಟು ಹಿಡಕೊಂಡು ಇಲ್ಲಿಗೆ ಬಂದು, ನಿನ್ನ ಕೇಳಿ ಹಾಕಿಸ್ಕೊಂತಾರ. ನಾನೂ ಅಷ್ಟ. ಅವನೂ ಅಷ್ಟ."

"ಅರೇ ಪಕ್ಕೀರಿ, ತಲಿ ಕೆಟ್ಟೈತೇನ ನಿನಗ? ನನ್ನ ಸಲುವಾಗಿ ಮನಿಯಾಗ ಕಿಚ್ಚು ಹಚ್ಚಬ್ಯಾಡ."

"ನಿನ್ನ ಸಲುವಾಗಿ ಯಾರು ಹಚ್ಚಾರ? ನನ್ನ ಮಗನ ನಾಲಿಗಿ ಸಲುವಾಗಿ."

ಅಜೀಜಬಿಯ ಮೊಮ್ಮಗ ಅಶ್ಫಾಕ ಹಗರಿಬೊಮ್ಮನಹಳ್ಳಿಯಲ್ಲಿ ಟ್ರ್ಯಾಕ್ಟರ್ ಮೆಕಾನಿಕ್. ಕೈಯ ಗ್ರೀಸು ಒರೆಸುತ್ತ ಬಾಗಿಲಿಗೆ ಬಂದ. "ದೊಡ್ಡವ್ವಾ, ನಮ್ಮನ್ಯಾಕ ಇದರಾಗ ಎಳೀತಿ? ನಾಳಿ ಲಿಂಗೇಶನ ಟ್ರ್ಯಾಕ್ಟರ್ ನನ್ನ ಹತ್ರಾನ ಬರಬೇಕು. ಅವನ ಮಾರಿ ನಾ ಹೆಂಗ ನೋಡ್ಲಿ?"

"ನೀ ಯಾಕ ನಾಚ್ತಿ? ಅವನು ನಾಚಬೇಕು."

"ಅವನು ನಾಚಂಗಿಲ್ಲ. ಅದಕ್ಕ ನಾನ ನಾಚಬೇಕು," ಅಂದ ಅಶ್ಫಾಕ. ಗೊಣಗುತ್ತಲೇ ಜೀಪು ತಂದ. ಚರಂಡಿಗೆ ಸರಪಳಿ ಬಿಟ್ಟು, ಮೂರು ಕಲ್ಲನ್ನೂ ಎಳೆದು ತನ್ನ ಅಂಗಳದಲ್ಲಿ ಉರುಳಿಸಿದ. ಆ ಕಲ್ಲು ಒಂದೊಂದೂ ಬಾಗಳಿ ಕಲ್ಲೇಶ್ವರನ ಗುಡಿಯಷ್ಟು ಭಾರ. ಜೀಪಿನ ಮುಂದಿನ ಗಾಲಿ ಗಾಳಿಯಲ್ಲಿ ತೇಲಿದ್ದನ್ನು ನಾನು ನೋಡಿದ್ದೇನೆ.

ಅಂದು ಸಂಜೆಯಿಂದ ನಮ್ಮ ಮನೆಯಲ್ಲಿ ಸಪ್ಪೆ. ಸಾರು ಸಪ್ಪೆ, ಪಲ್ಯ ಸಪ್ಪೆ, ರೊಟ್ಟಿ ಸಪ್ಪೆ. ಉಪ್ಪಿನಕಾಯಿಯ ಜಾಡಿ ಅಟ್ಟಕ್ಕೇರಿ ಬೀಗ ಹಾಕಿಸಿಕೊಂಡಿತು. ಹಪ್ಪಳದ ಡಬ್ಬಿ ಮಾಯವಾಯಿತು. ಆ ಸಾರಿನ ರುಚಿ ಹೇಳಬೇಕೆಂದರೆ, ಗೋಡೆ ತೊಳೆದ ನೀರೂ ಅದರ ಮುಂದೆ ಮದುವೆಯ ಊಟ. ನಾನು ಮೊದಲ ತುತ್ತಿಗೇ ತಾಟು ಎತ್ತಿಕೊಂಡು ಓಣಿ ದಾಟಿದೆ.

"ಬೀಬಿ, ಏಳನೇ ನಂಬರಿನ ಸಿಪಾಯಿ ಹಾಜರು. ಉಪ್ಪು."

ಅಜೀಜಬಿ ನಕ್ಕು ಎರಡು ಬೆರಳಲ್ಲಿ ಹರಳುಪ್ಪು ಉದುರಿಸಿದಳು. "ಗಂಗಾಧರಾ, ನಿನ್ನ ಮಾತಿಗೆ ಉಪ್ಪು ಜಾಸ್ತಿ, ಊಟಕ್ಕ ಕಡಿಮಿ ಹಾಕ್ತೀನಿ."

ಅಣ್ಣ ಎರಡು ದಿನ ಬಿಗಿದುಕೊಂಡಿದ್ದ. ಮೂರನೇ ದಿನ ಟವೆಲಿನಲ್ಲಿ ತಾಟು ಮುಚ್ಚಿಕೊಂಡು, ಸುಮ್ಮನೆ ಗಾಳಿಗೆ ಹೊರಟವನ ಹಾಗೆ ಹೋದ. ಅಲ್ಲಿ ಉಪ್ಪಿನ ಜೊತೆ ಒಂದು ಲೋಟ ಚಹಾನೂ ಸಿಗುತ್ತದೆಂದು ತಿಳಿದ ಮೇಲೆ ಅವನಿಗೆ ಹಸಿವು ಬೇಗ ಆಗತೊಡಗಿತು. ಆದರೂ ಚಹಾ ಕುಡಿದು ಬಂದು ಮಗನ ಜೊತೆ ಕೂತು ಮೂರ್ತಿಯ ಮೀಸೆ ಎಷ್ಟುದ್ದ ಇರಬೇಕೆಂದು ಮಾತಾಡುತ್ತಿದ್ದ. ಆ ಮನೆಯ ಚಹಾ, ಈ ಮನೆಯ ಮೀಸೆ. 

ರೋಜಾಳದು ಬೇರೆ ದಾರಿ. ಸೀರೆಯ ಗಂಟಿನಲ್ಲಿ ಅಂಗಡಿಯ ಉಪ್ಪಿನ ಪೊಟ್ಟಣ ಕಟ್ಟಿಕೊಂಡು, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹೋಗಿ ಉಣ್ಣುತ್ತಿದ್ದಳು. ಒಂದು ದಿನ ನನ್ನ ಕಣ್ಣಿಗೆ ಬಿದ್ದಳು.

"ಕಾಕಾ, ಅತ್ತಿಯವರಿಗೆ ಹೇಳಬ್ಯಾಡ್ರಿ."

"ಓಣಿ ದಾಟಿದ್ರ ಆಗತಿತ್ತಲ್ಲವ್ವ?"

"ದಾಟಿದ್ರ ಇವರು ಮಾತು ಬಿಡ್ತಾರ. ದಾಟದಿದ್ರ ಅತ್ತಿ ಮಾತು ಬಿಡ್ತಾರ. ಯಾರ ಕೂಡ ಮಾತಾಡ್ಲಿ ನಾನು, ಈ ಕಲ್ಲಿನ ಕೂಡಾನ?"

ಇನ್ನು ಬೀರಲಿಂಗೇಶ. ಮೊದಮೊದಲು ಬೊಮ್ಮನಹಳ್ಳಿಯ ಸ್ಟೇಷನ್ ಹತ್ತಿರ ಮಿರ್ಚಿ, ಮಂಡಕ್ಕಿ ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದ. ಆಮೇಲೆ ಕಮಾನಿನ ಸಿಮೆಂಟು, ಮೂರ್ತಿಯ ಬಣ್ಣ, ದೊಡ್ಡವರ ಮನೆಯ ಬಾಗಿಲು ಎಂದು ಓಡಾಟ ಹೆಚ್ಚಾಗಿ ಅದಕ್ಕೂ ಬಿಡುವಿಲ್ಲದಾಯಿತು. ಮನೆಗೆ ಬಂದು ಅವ್ವ ಬಡಿಸಿದ್ದನ್ನು ಮುಖ ಕಿವುಚಿ ನುಂಗುತ್ತಿದ್ದ.

"ಉಪ್ಪು ಬೇಕೇನೋ?" ಅತ್ತಿಗೆ ದಿನಾ ಕೇಳುವಳು.

"ಬ್ಯಾಡ."

"ನಾಕು ಹೆಜ್ಜಿ ಅಷ್ಟ. ಯಾರೂ ನೋಡಂಗಿಲ್ಲ."

"ಉಪ್ಪು ಬಿಟ್ರ ಬಿಪಿ ಬರಂಗಿಲ್ಲಂತ. ದೊಡ್ಡ ದೊಡ್ಡ ಡಾಕ್ಟರು ಮೊಬೈಲಿನಾಗ ಹೇಳ್ಯಾರ. ನೀ ನನಗ ಚಲೋನ ಮಾಡಾಕತ್ತಿ ಬಿಡಬೇ."

ಅತ್ತಿಗೆ ಅವನ ತಾಟಿಗೆ ಇನ್ನೊಂದು ಸೌಟು ಸಪ್ಪೆ ಸಾರು ಸುರಿದಳು. ಅವನು ಮಲಗಿದ ಮೇಲೆ ನನಗೆ ಹೇಳಿದಳು: "ಎಷ್ಟು ದಿನ ತಡೀತಾನ? ನಾಲಿಗಿ ಅನ್ನೂದು ಒಂದು ದಿನ ಕಾಲು ಎಬ್ಬಿಸಿಕೊಂಡು ಹೋಗತೈತಿ. ಆಕೀ ಹೊಸ್ತಿಲದಾಗ ಒಮ್ಮೆ ತಾಟು ಹಿಡಿದಾನಂದ್ರ ಸಾಕು. ಮೂರ್ತಿ ಒಂಬತ್ತಡಿ ಮಾಡ್ಲಿ, ತೊಂಬತ್ತಡಿ ಮಾಡ್ಲಿ, ನಾ ಕೇಳಂಗಿಲ್ಲ." ಅವಳ ಇಡೀ ಯುದ್ಧ ಅಷ್ಟೇ ಇತ್ತು. ಆ ಹೊಸ್ತಿಲಲ್ಲಿ ಮಗನ ತಾಟು.

ಮಾರ್ಚ್ ಒಂದು ಬಂತು. ಕಮಾನಿಗೆ ಬಲೂನು, ಓಣಿಗೆ ಮೈಕು. ದೊಡ್ಡ ಮನುಷ್ಯ ಮೂರು ತಾಸು ತಡವಾಗಿ ಬಂದು ಹಗ್ಗ ಎಳೆದ. ಪರದೆ ಬಿತ್ತು.

ಬಂದೂಕು ಸರಿಯಾಗಿತ್ತು. ಬೂಟು ಸರಿಯಾಗಿತ್ತು. ಹಸಿರು ಬಣ್ಣ ಇನ್ನೂ ಹಸಿಯಾಗಿ ನಾರುತ್ತಿತ್ತು. ಮುಖ ನೋಡಿದೆ. ಕಣ್ಣುಜ್ಜಿ ಮತ್ತೆ ನೋಡಿದೆ. ಅದು ನಮ್ಮಪ್ಪನಲ್ಲ. ದುಂಡು ಕೆನ್ನೆ, ಸೊಟ್ಟ ಮೂಗು, ಚೂಪು ಮೀಸೆ. ಬೀರಲಿಂಗೇಶನೇ ಒಂಬತ್ತಡಿ ಎತ್ತರ ನಿಂತಿದ್ದ.

"ಲೇ, ಇದು ನಿನ್ನ ಮಾರಿ!" ಅವನ ತೋಳು ಹಿಡಿದೆ.

"ತಾತನ ಫೋಟೋನ ಇಲ್ಲಲ್ಲ ಕಾಕಾ. ಮೂರ್ತಿ ಮಾಡೋನು ಒಂದು ಫೋಟೋ ಕೊಡ್ರಿ ಅಂದ. ರಕ್ತ ಒಂದ ಅಲ್ಲೇನು?"

ಅಣ್ಣ ಮೇಲಕ್ಕೆ ನೋಡಿ ಕೈಮುಗಿದ. ತನ್ನ ಅಪ್ಪನಿಗೆ ಮುಗಿದನೋ, ಮಗನಿಗೋ, ದೇವರೇ ಬಲ್ಲ. ಮೈಕಿನಲ್ಲಿ ನಮ್ಮಪ್ಪ ನೂರಾರು ಜಪಾನಿಗಳನ್ನು ಗುಂಡಿಟ್ಟು ಕೊಂದ ಕತೆ ಬಂತು. ಹೇಸರಗತ್ತೆ ಬರಲಿಲ್ಲ. ಮೂರು ಕಲ್ಲು ಬರಲಿಲ್ಲ. ಒಂದು ಚೀಲ ಉಪ್ಪು ಬರಲಿಲ್ಲ. ನಾನು ಜೀವಮಾನವಿಡೀ ಹೇಳಿದ ಅಷ್ಟೂ ಬಡಾಯಿಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೂ ಆ ಭಾಷಣದ ತಟ್ಟೆ ಮೇಲೇಳುತ್ತಿರಲಿಲ್ಲ. ಆಮೇಲೆ ಪ್ಲಾಸ್ಟಿಕ್ ತಾಟುಗಳಲ್ಲಿ ಪಲಾವು. ಉಂಡವರು ಮೂರ್ತಿಯ ಕಾಲಬುಡದಲ್ಲೇ ತಾಟು ಒಗೆದರು. ನಾಯಿಗಳು ಬಂದು ಐಸ್‌ಕ್ರೀಮಿನ ಜೊತೆ ಬೂಟನ್ನೂ ನೆಕ್ಕಿದವು. ದೊಡ್ಡ ಮನುಷ್ಯ ಮಾತ್ರ ಏನೂ ಉಣ್ಣಲಿಲ್ಲ. ಹಡಗಲಿಯಲ್ಲಿ ಇನ್ನೊಂದು ಕಾರ್ಯಕ್ರಮ ಇದೆಯೆಂದು ಕಾರು ಹತ್ತಿದ. ಯಾರಿಗಾಗಿ ಕಲ್ಲು ಕಿತ್ತರೋ ಅವನು ಕೈಯನ್ನೂ ತೊಳೆಯಲಿಲ್ಲ!

ಓಣಿಯ ಈ ತುದಿಯಲ್ಲಿ, ಅಜೀಜಬಿಯ ಅಂಗಳದಲ್ಲಿ, ಮೂರು ಕಲ್ಲಿನ ಮೇಲೆ ಮಿಲ್ಟ್ರಿ ಹಂಡೆ ಕುದಿಯುತ್ತಿತ್ತು. ಅತ್ತಿಗೆ ಏಳನೇ ಮನೆಯ ನೀರು ಹೊತ್ತು ಹಾಕಿದ್ದಳು. ಅಶ್ಫಾಕ ಉರಿ ಹಚ್ಚಿದ್ದ. ಹಿಡಿ ಕಾಳು ತಂದವರು ಎಷ್ಟು ಜನವೆಂದು ಕೇಳಿದರೆ, ನನ್ನ ರೂಢಿಯಂತೆ ಹತ್ತು ಸಾವಿರ ಎನ್ನಬೇಕು. ನಾಲ್ಕು. ಇಪ್ಪತ್ತೆರಡು ಮನೆಯಲ್ಲಿ ನಾಲ್ಕು. ಅದರಲ್ಲೂ ಒಬ್ಬಳು, ಹದಿನಾರನೇ ಮನೆಯ ಮಾಳಮ್ಮ, ಕಾಳನ್ನು ಸೆರಗಿನಡಿ ಮುಚ್ಚಿಕೊಂಡು ಹಿತ್ತಲಿನಿಂದ ಬಂದಳು. ಹಂಡೆಯ ತಳವೂ ಮುಚ್ಚಲಿಲ್ಲ. ಅಜೀಜಬಿ ರೂಢಿಯ ಮೇಲೆ ಇಡೀ ಊರಿನ ಅಳತೆಯ ಉಪ್ಪು ಹಿಡಿದವಳು, ಹಂಡೆಯೊಳಗೆ ಇಣುಕಿ, ಮುಕ್ಕಾಲು ಪಾಲನ್ನು ಗಡಿಗೆಗೆ ತಿರುಗಿ ಸುರಿದಳು.

ಸಂಜೆ ಮನೆಯಲ್ಲಿ ಎಲ್ಲರೂ ಕೂತೆವು. ಬೀರಲಿಂಗೇಶ ದೊಡ್ಡವರ ಹಿಂದೆ ಓಡಾಡಿ ಹಗಲು ಉಂಡಿರಲಿಲ್ಲ. ಅತ್ತಿಗೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಎಂದಿನಂತೆ ಸಪ್ಪೆ. ಅವನು ಎರಡು ರೊಟ್ಟಿ ತಿನ್ನುವಷ್ಟರಲ್ಲಿ ಬಾಗಿಲಲ್ಲಿ ಅಜೀಜಬಿ ಬಂದು ನಿಂತಳು. ಕಲ್ಲು ಕಿತ್ತ ದಿನದಿಂದ ಅವಳು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಬಲಗೈ ಮುಷ್ಟಿ ಬಿಗಿದಿತ್ತು.

"ಬೇಟಾ, ನೀ ಬರಲಿಲ್ಲ. ಹೋಗ್ಲಿ. ನಾನ ತಂದೀನಿ," ಅಂದಳು. "ಮೂರ್ತಿ ಮಾತು ಬ್ಯಾಡ, ಕಲ್ಲಿನ ಮಾತು ಬ್ಯಾಡ. ನಿನ್ನ ಅವ್ವ ತಿಂಗಳ ಮ್ಯಾಲಾತು ಸಪ್ಪಂದು ಉಣಸಾಕ ಹತ್ಯಾಳ. ನಂಗ ನಿದ್ದಿ ಬರವಲ್ದು. ತಾಟು ಹಿಡಿ."

ರೋಜಾ ನೀರಿನ ಚೆಂಬು ಹಿಡಿದವಳು ಹಾಗೇ ನಿಂತಳು. ಅಣ್ಣ ತಲೆ ತಗ್ಗಿಸಿದ. ಅತ್ತಿಗೆ ಮಗನ ಕೈಯನ್ನೇ ನೋಡುತ್ತಿದ್ದಳು. ಹೊಸ್ತಿಲು ಆ ಮನೆಯದಾಗಿರದಿದ್ದರೂ ಸರಿ, ತಾಟು ಒಂದು ಗೇಣು ಮೇಲೆದ್ದರೆ ಸಾಕು ಎಂಬಂತೆ.

ಬೀರಲಿಂಗೇಶ ಪಲ್ಯದ ಕಡೆ ನೋಡಿದ. ಅಜೀಜಬಿಯ ಕಡೆ ನೋಡಿದ. ಏನೋ ಅರ್ಥವಾಗದವನ ಹಾಗೆ ಹುಬ್ಬೇರಿಸಿದ.

"ಬ್ಯಾಡ ಬೀಬಿ. ಉಪ್ಪು ಸರಿ ಐತಲ್ಲ."

"ಏನಂದಿ?" ಅತ್ತಿಗೆಯ ದನಿ ಬಾವಿಯ ತಳದಿಂದ ಬಂತು.

"ಉಪ್ಪು ಸರಿ ಐತಿ ಅಂದೆ. ಪಲ್ಯ ಚಲೋ ಆಗೈತಬೇ ಇವತ್ತು."

ಹಟಕ್ಕೆ ಅಂದನೋ ಎಂದು ಮುಖ ನೋಡಿದೆ. ಸುಳ್ಳಿನ ವಿಷಯದಲ್ಲಿ ನನಗೆ ಮೋಸ ಮಾಡುವವರು ಐದು ತಾಲೂಕಿನಲ್ಲಿಲ್ಲ. ಅದು ಎಲ್ಲಿ ಹುಟ್ಟಿ ಯಾವ ಕಣ್ಣಿನಲ್ಲಿ ಇಣುಕುತ್ತದೆಂದು ನನಗೆ ಗೊತ್ತು. ಅವನ ಕಣ್ಣಿನಲ್ಲಿ ಏನೂ ಇರಲಿಲ್ಲ. ಪಲ್ಯ ಸಪ್ಪೆಯೆಂದು ಅವನ ನಾಲಗೆಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಅಜೀಜಬಿಯ ಮುಷ್ಟಿ ಗಾಳಿಯಲ್ಲೇ ಇತ್ತು. ಅತ್ತಿಗೆ ಎದ್ದಳು. ತನ್ನ ತಾಟನ್ನು ಎರಡೂ ಕೈಯಲ್ಲಿ ಎತ್ತಿ ಅದರ ಕೆಳಗೆ ಹಿಡಿದಳು.

"ನನಗ ಹಾಕು."

ಹರಳು ಬಿದ್ದ ಸಪ್ಪಳ ಕೇಳಿಸಿತು. ನಾನು ಎದ್ದು ಅತ್ತಿಗೆಯ ಹಿಂದೆ ನಿಂತೆ. ರೋಜಾ ಚೆಂಬು ಕೆಳಗಿಟ್ಟಳು. ಸೀರೆಯ ಗಂಟು ಬಿಚ್ಚಿ, ಅಂಗಡಿಯ ಉಪ್ಪಿನ ಪೊಟ್ಟಣವನ್ನು ಒಲೆಗೆ ಒಗೆದು, ತಾಟು ಹಿಡಿದು ನನ್ನ ಹಿಂದೆ ಬಂದಳು.

"ಏ ರೋಜಾ, ಇನ್ನೊಂದು ರೊಟ್ಟಿ," ಅಂದ ಬೀರಲಿಂಗೇಶ.

ಯಾರೂ ತಿರುಗಲಿಲ್ಲ. ಅವನು ತಾನೇ ಬುಟ್ಟಿಗೆ ಕೈ ಹಾಕಿದ.